ರಸ್ತೆಯ ನಡು ಮತ್ತು ನಮ್ಮ ಜಗಲಿ

ನಮ್ಮ ಪೇಟೆಯಲ್ಲಿ ರಸ್ತೆಯ ನಡು ಎಲ್ಲಿದೆ ಎಂಬುದು ಚುನಾವಣೆಯಲ್ಲಿ ತೀರ್ಮಾನವಾಗುತ್ತಿತ್ತು. ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ಆ ರಸ್ತೆಗೆ ಮುಖ ಮಾಡಿ ಅಂಗಡಿ ಇಟ್ಟುಕೊಂಡವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ.

ನಾನು ಕಳಸದ ಕಡೆಯವಳು. ಮೂಡಿಗೆರೆ ಹತ್ತಿರದ ಆ ಸಣ್ಣ ಪೇಟೆಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಗಂಡನಿಗೆ ಊರಾಚೆಯ ಸಣ್ಣ ಕಾಫಿ ತೋಟವೇ ಪ್ರಪಂಚ. ಬೆಳಿಗ್ಗೆ ಹೋದರೆ ಹೊತ್ತು ಮುಳುಗುವಾಗಲೇ ಅವರ ದರ್ಶನ. ಹಾಗಾಗಿ ಅಂಗಡಿಯಲ್ಲಿ ಮಾವನ ಜೊತೆ ನಿಂತವಳು ನಾನು. ಕಂಬಳಿ, ಗಮ್ ಬೂಟು, ಕತ್ತಿ, ಹಗ್ಗ, ಕಾಫಿ ಹಣ್ಣು ಕೊಯ್ಯುವ ಬುಟ್ಟಿ, ಗೋಣಿಚೀಲ, ಹೀಗೆ ತೋಟದವರಿಗೆ ಬೇಕಾದ್ದೆಲ್ಲ ನಮ್ಮಲ್ಲಿ ಸಿಗುತ್ತಿತ್ತು.

ಅಂಗಡಿಯ ಮುಂದೆ ಉದ್ದಕ್ಕೂ ಜಗಲಿ, ಅದರ ಮೇಲೆ ಹೆಂಚಿನ ಮಾಡು. ಸಂತೆ ದಿನ ಆ ಜಗಲಿ ನಮ್ಮದಾಗಿರುತ್ತಿರಲಿಲ್ಲ. ಎಸ್ಟೇಟುಗಳ ಕೂಲಿಯವರ ಲೈನುಮನೆಗಳಿಂದ ಹೆಂಗಸರು ಜೀಪಿನಲ್ಲಿ ಇಳಿಯುತ್ತಿದ್ದರು, ಸಂತೆ ಮುಗಿಸಿ ವಾಪಸು ಜೀಪಿಗೆ ಕಾಯುತ್ತಿದ್ದರು. ಜೀಪು ತುಂಬಿ ತುಳುಕುವವರೆಗೆ ಡ್ರೈವರ್ ಹೊರಡುವವನಲ್ಲ. ಅಲ್ಲಿಯವರೆಗೆ ಅವರ ಚೀಲ, ಒಣಮೀನು, ಕೂಸು, ಕೂಸಿನ ಒದ್ದೆ ಬಟ್ಟೆ ಎಲ್ಲ ನಮ್ಮ ಜಗಲಿಯ ಮೇಲೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಕಂಬಳಿ ಕೊಳ್ಳಲು ಬಂದವರು ಒಣಮೀನು ದಾಟಿ ಒಳಗೆ ಬರಬೇಕೇ ಎಂದು ಗೊಣಗಿದರೆ ಮಾವ ಕೇಳಿಸದವರಂತೆ ಗೋಣಿ ಮಡಿಸುತ್ತಿದ್ದರು. ಆಮೇಲೆ ನನ್ನ ಮಗಳು ಹುಟ್ಟಿದಳು. ಅಳುವ ಮಗುವನ್ನು ಸಮಾಧಾನ ಮಾಡಲು ಆ ಹೆಂಗಸರೇ ನನಗೆ ಕಲಿಸಿದ್ದು. ಗೊಣಗಾಟ ತಾನಾಗಿಯೇ ನಿಂತಿತು.

ಎದುರು ಸಾಲಿನಲ್ಲಿ ಮಾವನ ಓರಗೆಯವರೊಬ್ಬರ ದಿನಸಿ ಅಂಗಡಿ. ಅವರನ್ನೂ ನಾನು ಮಾವ ಎಂದೇ ಕರೆಯುತ್ತಿದ್ದೆ. ಇಲ್ಲಿ ಗೊಂದಲ ಬೇಡವೆಂದು ಎದುರಂಗಡಿಯವರು ಎನ್ನುತ್ತೇನೆ. ಇಬ್ಬರೂ ಒಂದೇ ಶಾಲೆಯಲ್ಲಿ ಒದೆ ತಿಂದವರು. ಒಬ್ಬರು ಮದುವೆ ಮುಂಜಿಗೆ ಹೋದರೆ ಇನ್ನೊಬ್ಬರು ಎರಡೂ ಅಂಗಡಿಯ ಮೇಲೆ ಕಣ್ಣಿಡುತ್ತಿದ್ದರು. ರಾಜಕೀಯದಲ್ಲಿ ಮಾತ್ರ ಉತ್ತರ ದಕ್ಷಿಣ. ನಮ್ಮ ಮಾವ ಹಳೆಯ ಪಕ್ಷದವರು. ಅವರ ಅಪ್ಪ ಆ ಪಕ್ಷದಲ್ಲಿದ್ದರು, ಇವರೂ ಇದ್ದರು, ಅದಕ್ಕಿಂತ ದೊಡ್ಡ ಕಾರಣವನ್ನು ನಾನು ಕೇಳಿದವಳಲ್ಲ. ಎದುರಂಗಡಿಯವರು ಹೊಸ ಪಕ್ಷ ಊರಿಗೆ ಕಾಲಿಟ್ಟಾಗಲೇ ಅದಕ್ಕೆ ಸೇರಿದವರು. ಪ್ರಚಾರ ಶುರುವಾದರೆ ಇಬ್ಬರಿಗೂ ಮಾತು ಬಂದ್. ಫಲಿತಾಂಶ ಬಂದ ಮರುದಿನ ಗೆದ್ದವರು ಸೋತವರಿಗೆ ಕಾಫಿ ಹೇಳಬೇಕು, ಸೋತವರು ಸಕ್ಕರೆ ಕಮ್ಮಿ ಎಂದು ಹೆಸರಿಡಬೇಕು. ಅಲ್ಲಿಗೆ ಜಗಳ ಮುಗಿಯಿತು.

ಕಾಗದದ ಮೇಲೆ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಆದರೆ ಯಾರು ಯಾರ ಕಡೆ ಎಂದು ನಮ್ಮ ಪೇಟೆಯ ನಾಯಿಗೂ ಗೊತ್ತಿತ್ತು. ಒಂದು ಸಲ ಮಾವನ ಕಡೆಯವರು ಗೆದ್ದರು. ಗೆದ್ದವರು ರಸ್ತೆ ಅಗಲ ಮಾಡುತ್ತೇವೆ ಎಂದು ಹೊರಟರು. ರಸ್ತೆಯ ನಡುವಿನಿಂದ ಇಂತಿಷ್ಟು ಅಡಿಯೊಳಗೆ ಯಾರದೂ ಕಟ್ಟಡ ಇರಕೂಡದು ಎಂಬುದು ನಿಯಮ. ನಿಯಮ ಸರಿಯಾಗಿಯೇ ಇತ್ತು. ನಡು ಯಾವುದು ಎಂದು ಮಾತ್ರ ಅದರಲ್ಲಿ ಹೇಳಿರಲಿಲ್ಲ. ಅಳತೆಗೆ ಬಂದವರು ಟೇಪಿನ ತುದಿಯನ್ನು ನಮ್ಮ ಸಾಲಿನ ಚರಂಡಿಗೆ ಹಿಡಿದು ಹೊಸ ರಸ್ತೆಯ ಪೂರ್ತಿ ಅಗಲವನ್ನು ಎದುರು ಸಾಲಿನತ್ತಲೇ ಎಳೆದರು, ನಡುವೂ ಆ ಕಡೆಗೆ ಸರಿಯಿತು. ಎದುರಂಗಡಿಯವರ ಗೋಡೆಗೆ ಕೆಂಪು ಬಣ್ಣದ ಗುರುತು ಬಿತ್ತು. ಅವರ ಜಗಲಿ ಪೂರಾ ಹೋಗಬೇಕು.

ಮಾವ ಅವತ್ತು ಊಟಕ್ಕೆ ಕೂತಾಗ ಖುಷಿಯಲ್ಲೇ ಇದ್ದರು, ಸುಳ್ಳೇಕೆ ಹೇಳಲಿ. ಮರುದಿನ ಎದುರಂಗಡಿಯವರ ಹೆಂಡತಿ ಸೀಮೆಎಣ್ಣೆ ಬಟ್ಟೆ ಹಿಡಿದು ಆ ಗುರುತನ್ನು ಉಜ್ಜುತ್ತಿದ್ದುದನ್ನು ನೋಡಿದಾಗ ಆ ಖುಷಿ ಇಳಿಯಿತು. ಬಣ್ಣ ಹೋಗಲಿಲ್ಲ, ಇನ್ನಷ್ಟು ಹರಡಿತು. ಮಾವ ಪಂಚಾಯಿತಿಗೆ ಹೋಗಿ ಹೀಗೆ ಮಾಡುವುದು ಚಂದವಲ್ಲ ಎಂದು ಹೇಳಿ ಬಂದರು. ನಮ್ಮವರಾಗಿ ಎದುರು ಪಕ್ಷದ ಪರ ಮಾತಾಡುತ್ತೀರಲ್ಲ ಎಂದು ಅಲ್ಲಿ ಕೇಳಿದರಂತೆ. ಅಷ್ಟರಲ್ಲಿ ಮೇಲಿನ ಸರ್ಕಾರ ಬದಲಾಗಿ ಕೆಲಸ ನಿಂತಿತು, ಗುರುತು ಹಾಗೇ ಉಳಿಯಿತು.

ಮುಂದಿನ ಸಲ ಪಂಚಾಯಿತಿ ಎದುರಂಗಡಿಯವರ ಕಡೆಯವರ ಕೈಗೆ ಬಂತು. ಅದೇ ಯೋಜನೆ, ಅದೇ ನಿಯಮ. ಟೇಪು ಹಿಡಿದವರೂ ಹಿಂದಿನ ಸಲದವರೇ. ಈ ಸಲ ಟೇಪಿನ ತುದಿ ಎದುರು ಸಾಲಿನ ಚರಂಡಿಯಲ್ಲಿತ್ತು, ಕೆಂಪು ಬಣ್ಣ ನಮ್ಮ ಗೋಡೆಯ ಮೇಲೆ ಬಿತ್ತು. ಐದು ವರ್ಷದಲ್ಲಿ ರಸ್ತೆಯ ನಡು ಇಷ್ಟು ದೂರ ನಡೆದುಬಂದದ್ದು ಹೇಗೆ ಎಂದು ಅಳತೆಯವರನ್ನು ನಾನೇ ಕೇಳಿದೆ. ಅವರು ಪಾಪ, ಟೇಪು ಸುತ್ತಿಕೊಂಡು ಪಕ್ಕದ ಅಂಗಡಿಗೆ ನಡೆದರು. ಸಂಬಳಕ್ಕೆ ದುಡಿಯುವವರ ಮೇಲೆ ಹರಿಹಾಯ್ದು ಏನು ಸಿಕ್ಕೀತು?

ಮಾವ ಆ ಮಧ್ಯಾಹ್ನವೆಲ್ಲ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಎದುರಂಗಡಿಯವರು ರಸ್ತೆ ದಾಟಿ ಬಂದು ಪಕ್ಕದಲ್ಲಿ ಕೂತರು.

"ನಿನ್ ಜಗಲಿ ಒಡೀರಿ ಅಂತ ನಾನು ಯಾರ ಹತ್ರಾನೂ ಹೇಳಿಲ್ಲ ಮಾರಾಯ," ಎಂದರು ಎದುರಂಗಡಿಯವರು.

"ನೀನು ಹೇಳಿಲ್ಲ ಅಂತ ಗೊತ್ತು. ಸಂತೆಗೆ ಬರೋ ಹೆಂಗಸ್ರು ಇನ್ನು ಎಲ್ಲಿ ಕೂರ್ತಾರೆ ಅಂತ ಯೋಚ್ನೆ ನಂಗೆ," ಎಂದರು ಮಾವ.

ಆಮೇಲೆ ನಡೆದದ್ದನ್ನು ಪೇಟೆಯವರು ಬಹಳ ದಿನ ಹೇಳಿಕೊಂಡು ನಕ್ಕರು. ಹೊಸದಾಗಿ ಕಾಫಿ ಗಿಡ ನೆಡುವಾಗ ಗುಂಡಿ ಸಾಲಾಗಿ ಬರಲೆಂದು ಒಂದು ಉದ್ದ ಹಗ್ಗ ಹಿಡಿಯುತ್ತಾರೆ, ಗಿಡದಿಂದ ಗಿಡಕ್ಕೆ ಇರಬೇಕಾದ ದೂರಕ್ಕೆ ಅದರಲ್ಲಿ ಬಟ್ಟೆಯ ತುಂಡು ಕಟ್ಟಿರುತ್ತಾರೆ. ಮಾವ ಆ ಹಗ್ಗ ಹುಡುಕಿ ತೆಗೆದರು. ಪಂಚೆ ಮೇಲಕ್ಕೆ ಕಟ್ಟಿಕೊಂಡು ಇಬ್ಬರೂ ರಸ್ತೆಗಿಳಿದರು. ಒಂದು ತುದಿ ಆ ಚರಂಡಿಗೆ, ಇನ್ನೊಂದು ತುದಿ ಈ ಚರಂಡಿಗೆ. ಹಗ್ಗ ಮಡಿಸಿ ನಡು ಹುಡುಕಿ ಅಲ್ಲೊಂದು ಕಲ್ಲಿಡುವ ಕೆಲಸ ನನ್ನದು. ಬಸ್ಸಿನವನು ಹಾರ್ನ್ ಹೊಡೆದೇ ಹೊಡೆದ. ಆ ನಡುವಿನಿಂದ ಲೆಕ್ಕ ಹಾಕಿದರೆ ಎರಡೂ ಕಡೆ ಅರ್ಧರ್ಧ ಜಗಲಿ ಹೋಗುತ್ತಿತ್ತು, ಅರ್ಧರ್ಧ ಉಳಿಯುತ್ತಿತ್ತು.

ಇಬ್ಬರೂ ಜೊತೆಯಾಗಿ ಪಂಚಾಯಿತಿಗೆ ಹೋದರು. ಆಳುವವರಿಗೂ ಅದು ರುಚಿಸಲಿಲ್ಲ, ವಿರೋಧದವರಿಗೂ ರುಚಿಸಲಿಲ್ಲ. ಈ ಅಂಗಡಿಯವರಿಬ್ಬರೂ ಒಳಗೊಳಗೇ ಏನೋ ಹೂಡಿದ್ದಾರೆ ಎಂದು ಎರಡೂ ಕಡೆಯವರು ಗುಮಾನಿ ಪಟ್ಟರು. ಗುರುತು ಹಾಕಿ ಆಗಿದೆ, ಇನ್ನು ಬದಲಿಸಲು ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು.

ಆಗ ಈ ಇಬ್ಬರು ಯಾರೂ ಮಾಡದ ಕೆಲಸ ಮಾಡಿದರು. ಪಂಚಾಯಿತಿಯ ಒಡೆಯುವ ಯಂತ್ರ ಬರುವ ಮೊದಲೇ ಗಾರೆಯವರನ್ನು ಕರೆಸಿ ತಮ್ಮ ತಮ್ಮ ಜಗಲಿಯನ್ನು ಮಾಡಿನ ಸಮೇತ ತಾವೇ ಅರ್ಧ ಕಡಿಸಿದರು. ನ್ಯಾಯವಾಗಿ ಬಿಡಬೇಕಾದ್ದನ್ನು ನಾವೇ ಬಿಟ್ಟುಕೊಟ್ಟರೆ ಉಳಿದದ್ದನ್ನು ಯಾವ ಪಕ್ಷವೂ ಮುಟ್ಟುವುದಿಲ್ಲ, ಬೇರೆ ಅಂಗಡಿಯವರೂ ನಮ್ಮನ್ನು ನೋಡಿ ಹೀಗೇ ಮಾಡುತ್ತಾರೆ ಎಂಬುದು ಅವರ ಲೆಕ್ಕ. ಬೇಡ ಮಾವ, ಸ್ವಲ್ಪ ಕಾಯೋಣ ಎಂದು ನಾನು ಹೇಳಿದೆ. ಸರ್ಕಾರವನ್ನು ನಂಬಿದ ತಲೆಮಾರು ಅದು, ನನ್ನ ಮಾತು ಎಲ್ಲಿ ನಡೆಯಬೇಕು?

ಯಂತ್ರ ಬರಲೇ ಇಲ್ಲ. ಬೇರೆ ಅಂಗಡಿಯವರು ಕೋರ್ಟಿಗೆ ಹೋದರು, ಯೋಜನೆ ಮೂಲೆ ಸೇರಿತು. ಇಡೀ ಪೇಟೆಯಲ್ಲಿ ನಮ್ಮ ಎರಡು ಅಂಗಡಿಗಳ ಮುಂದೆ ಮಾತ್ರ ರಸ್ತೆ ಅಗಲವಾಗಿ, ಹೆಬ್ಬಾವು ಕುರಿ ನುಂಗಿದ ಹಾಗೆ ಉಬ್ಬಿಕೊಂಡಿತು. ಉಳಿದ ಅರ್ಧ ಜಗಲಿಗೆ ಮಳೆಯ ಎರಚಲು ಪೂರಾ ಹೊಡೆಯುತ್ತಿತ್ತು. ಸಂತೆ ದಿನ ಹೆಂಗಸರು ಗೋಡೆಗೆ ಬೆನ್ನು ಅಂಟಿಸಿ ನಿಂತೇ ಜೀಪಿಗೆ ಕಾಯಬೇಕು. ಮಂಡಿಯ ಕೆಳಗೆ ಎಲ್ಲರ ಸೀರೆಯೂ ತೊಯ್ದು ತೊಪ್ಪೆ. ಅವರಲ್ಲಿ ಯಾರೂ ನಮ್ಮನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಮಾವನಿಗೆ ಹಗುರವಾಗುತ್ತಿತ್ತೇನೋ. ಆ ಹೆಂಗಸರನ್ನು ನೋಡುತ್ತ ಮಾವ ದಿನೇ ದಿನೇ ಸೊರಗಿದರು.

ಖಾಲಿ ಜಾಗ ಎಂದರೆ ಪಕ್ಷಗಳಿಗೆ ಎಲ್ಲಿಲ್ಲದ ಪ್ರೀತಿ. ಎದುರಂಗಡಿಯವರು ಬಿಟ್ಟುಕೊಟ್ಟ ಜಾಗದಲ್ಲಿ ಹೊಸ ಪಕ್ಷದವರು ಸಿಮೆಂಟಿನ ಕಟ್ಟೆ ಕಟ್ಟಿ ಬಾವುಟದ ಕಂಬ ನಿಲ್ಲಿಸಿದರು. ಅವರು ನಿಲ್ಲಿಸಿದ ಮೇಲೆ ನಮ್ಮವರು ಸುಮ್ಮನಿರುತ್ತಾರೆಯೇ? ನಮ್ಮ ಅರ್ಧ ಜಗಲಿ ಹೋದ ಜಾಗದಲ್ಲಿ ಅದಕ್ಕಿಂತ ಒಂದು ಗೇಣು ಎತ್ತರದ ಕಟ್ಟೆ ಎದ್ದಿತು. ನಿಯಮ ಅಡ್ಡ ಬರಲಿಲ್ಲ. ರಸ್ತೆಗೆಂದು ಬಿಡಿಸಿಕೊಂಡ ಜಾಗ ಎಂಬುದು ಯಾರಿಗೂ ನೆನಪಾಗಲಿಲ್ಲ.

ನಮ್ಮ ಕಡೆಯ ಕಟ್ಟೆಯ ಉದ್ಘಾಟನೆಗೆ ಸಂತೆ ದಿನವನ್ನೇ ಆರಿಸಿದ್ದರು, ಜನ ಸೇರುತ್ತಾರೆ ಎಂದು. ತಾಲ್ಲೂಕಿನ ಮುಖಂಡರೊಬ್ಬರು ಬಂದರು, ಶಾಮಿಯಾನ ಬಂತು, ಮೈಕು ಬಂತು, ಕುರ್ಚಿಗಳು ಬಂದವು. ಕುರ್ಚಿ ಹಾಕಲು ಜಾಗ ಸಾಲದೆ ನಮ್ಮ ಗೋಡೆಯ ಬದಿಗೆ ನಿಂತಿದ್ದ ಹೆಂಗಸರನ್ನು ಸ್ವಲ್ಪ ಆಚೆ ಹೋಗಿ ಎಂದರು. ಅವರು ಚೀಲ, ಕೂಸು ಎತ್ತಿಕೊಂಡು ಸೂರಿಲ್ಲದ ಕಡೆಗೆ ಹೋಗಿ ನಿಂತರು. ಜಿಟಿಜಿಟಿ ಮಳೆ ಶುರುವಾಗಿತ್ತು. ಪಕ್ಷಕ್ಕಾಗಿ ಅಂಗಡಿಯ ಜಗಲಿಯನ್ನೇ ಕೊಟ್ಟ ಹಿರಿಯರು ಎಂದು ಮುಖಂಡರು ಮೈಕಿನಲ್ಲಿ ಹೊಗಳಿ, ಬಾವುಟ ಏರಿಸಲು ಮಾವನನ್ನೇ ಕರೆದರು. ಬದುಕಿಡೀ ಆ ಬಾವುಟಕ್ಕೆ ದುಡಿದವರು ಅವರು. ಇಂಥದ್ದೊಂದು ಗೌರವ ಅವರಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಮಾವ ಕಟ್ಟೆಯವರೆಗೆ ಹೋದರು. ಹಗ್ಗ ಕೈಗೆ ತೆಗೆದುಕೊಂಡರು. ಆಮೇಲೆ ಮಳೆಯಲ್ಲಿ ನಿಂತ ಹೆಂಗಸರನ್ನು ನೋಡಿದರು.

"ಬಾವುಟಕ್ಕೆ ಕಟ್ಟೆ ಕಟ್ಟಿಸಿದ್ರಿ, ಸಂತೋಷ. ಇವ್ರಿಗೆ ಒಂದು ಸೂರು ಮಾಡ್ಸಿ ಆಮೇಲೆ ಕರೀರಿ, ಬರ್ತೀನಿ," ಎಂದು ಹಗ್ಗವನ್ನು ಮುಖಂಡರ ಕೈಗೆ ಕೊಟ್ಟು ಅಂಗಡಿಗೆ ಬಂದರು.

ಒಳಗೆ ಬಂದವರೇ ಮುಂಭಾಗದಲ್ಲಿ ಒಟ್ಟಿದ್ದ ಗೋಣಿ, ಬುಟ್ಟಿ, ಕಂಬಳಿಯ ಕಟ್ಟುಗಳನ್ನೆಲ್ಲ ಹಿಂದಕ್ಕೆ ಎಳೆಯತೊಡಗಿದರು. ಎದುರಂಗಡಿಯವರು ಓಡಿ ಬಂದು ಇನ್ನೊಂದು ಕಡೆ ಹಿಡಿದರು. ನಾನು ಬಾಗಿಲಲ್ಲಿ ನಿಂತು ಹೆಂಗಸರನ್ನು ಕರೆದೆ. ಮೊದಲು ಅನುಮಾನಿಸಿದರು, ಒದ್ದೆ ಕಾಲಲ್ಲಿ ಅಂಗಡಿಯೊಳಗೆ ಹೇಗೆ ಬರುವುದು ಎಂದರು. ಮಾವ ಒಂದು ಗೋಣಿ ಹಾಸಿದ ಮೇಲೆ ಒಬ್ಬೊಬ್ಬರಾಗಿ ಬಂದು ಕೂತರು.

ಹೊರಗೆ ಮುಖಂಡರು ತಾವೇ ಬಾವುಟ ಏರಿಸಿ ಭಾಷಣ ಶುರುಮಾಡಿದ್ದರು. ಮಳೆ ಒಮ್ಮೆಲೇ ಜೋರಾಯಿತು. ಶಾಮಿಯಾನ ಹರಿಯಿತು, ಜನ ಸಿಕ್ಕಸಿಕ್ಕ ಕಡೆ ಓಡಿದರು. ಮುಖಂಡರು ನಮ್ಮ ಅರ್ಧ ಜಗಲಿಗೆ ಹತ್ತಿ ಗೋಡೆಗೆ ಒತ್ತಿ ನಿಂತರು. ಎರಚಲು ಅವರ ಬಿಳಿ ಅಂಗಿಯನ್ನು ಬಿಡಲಿಲ್ಲ. ಮಾವ ಅವರನ್ನು ಒಳಗೆ ಕರೆಯಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕರೆಯಲಿಲ್ಲ, ನೆನೆಯಲಿ ಎಂದೇ ಇತ್ತು ನನಗೆ.

ಬಾಗಿಲ ಹತ್ತಿರ ಮಗುವಿಗೆ ಹಾಲೂಡಿಸುತ್ತ ಕೂತಿದ್ದವಳು ಸೆರಗು ಸರಿಮಾಡಿಕೊಂಡು, ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು.

"ಒಳಗೆ ಬನ್ನಿ ಸ್ವಾಮಿ, ಪೂರಾ ನೆಂದೋಗ್ತೀರಿ," ಎಂದಳು.