ತುಂಬಿದ ಟ್ಯಾಂಕು

ಕಿರುಗಾವಲಿನಲ್ಲಿ ನನ್ನ ಟೈಲರಿಂಗ್ ಅಂಗಡಿಗೆ ಅಂಟಿಕೊಂಡೇ ಒಂದು ರಿಪೇರಿ ಶೆಡ್ಡಿದೆ. ಔಷಧಿ ಹೊಡೆಯುವ ಪಂಪು, ಕಳೆ ಕೊಯ್ಯುವ ಮಿಷಿನ್ನು, ಮರ ಕುಯ್ಯುವ ಮಿಷಿನ್ನು ಎಲ್ಲ ಅಲ್ಲಿಗೆ ಬರುತ್ತವೆ. ಮೊನ್ನೆ ಯಾರದೋ ಕಳೆ ಮಿಷಿನ್ನಿನ ಟ್ಯಾಂಕು ಬಿಚ್ಚಿ, ಹೋದ ವರ್ಷದ ಪೆಟ್ರೋಲನ್ನು ಡಬ್ಬಕ್ಕೆ ಸುರಿದರು. ಹೊಸ ಪೆಟ್ರೋಲಿನ ವಾಸನೆ ಕೆಲವರಿಗೆ ಇಷ್ಟವಾಗುವುದೂ ಉಂಟು. ಇದು ಹಾಗಲ್ಲ. ಹುಳಿ ಹತ್ತಿದ, ಹಳೆ ವಾರ್ನಿಷ್ಷಿನಂಥ, ಗಂಟಲಲ್ಲಿ ಇಳಿದು ಕೂತುಬಿಡುವ ವಾಸನೆ. ಹೊಲಿಯುತ್ತಿದ್ದ ಬ್ಲೌಸನ್ನು ಹಾಗೇ ಬಿಟ್ಟು ಹೊರಗೆ ಬಂದು, "ಆಚೆ ತಗಂಡೋಗಿ ಸುರಿಯಪ್ಪ, ನನ್ ಕೈಲಿ ತಡ್ಯಕ್ಕಾಗಲ್ಲ" ಎಂದು ಕೂಗಿದೆ. ಶೆಡ್ಡಿನವನು ನನ್ನ ಮುಖ ನೋಡಿ ನಕ್ಕ. ನಗಲಿ, ಅವನಿಗೇನು ಗೊತ್ತು.

ಆ ವಾಸನೆಯ ಜೊತೆ ನನಗೆ ನೆನಪಾಗುವವಳು ನಮ್ಮ ಪಕ್ಕದ ಮನೆಯ ಅಕ್ಕ. ಒಡಹುಟ್ಟಿದವಳಲ್ಲ, ಸಂಬಂಧವೂ ಇಲ್ಲ. ನಾನು ಮದುವೆಯಾಗಿ ಬಂದ ಊರು ಕಿರುಗಾವಲಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿದೆ. ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಹೊಸದರಲ್ಲಿ ಅತ್ತೆಯ ಬಾಯಿಗೆ ಹೆದರಿ ನಾನು ಹಿತ್ತಲಲ್ಲಿ ನಿಂತು ಅಳುತ್ತಿದ್ದರೆ, ಗೋಡೆಯಾಚೆಯಿಂದ ಕಾಫಿ ಲೋಟ ಚಾಚುತ್ತಿದ್ದಳು. "ಅಳ್ಬ್ಯಾಡ ಕಣಮ್ಮಿ. ನಿಮ್ಮತ್ತೆ ನಂಗೂ ಬಯ್ತಾಳೆ. ನಾನೇನ್ ಸತ್ತೋದ್ನ?" ಅನ್ನುತ್ತಿದ್ದಳು. ಅಳುವಿನ ನಡುವೆಯೇ ನನಗೆ ನಗು ಬಂದುಬಿಡುತ್ತಿತ್ತು…

ಅವಳ ಗಂಡ ಮರ ಕುಯ್ಯುವ ಮಿಷಿನ್ನು ಇಟ್ಟುಕೊಂಡಿದ್ದರು. ಎದೆನೋವು ಎಂದು ಮಲಗಿದವರು ಮತ್ತೆ ಏಳಲಿಲ್ಲ. ಮಿಷಿನ್ನು ಮಾರಿಬಿಡು ಎಂದು ಎಲ್ಲರೂ ಹೇಳಿದರು, ಅವಳು ಮಾರಲಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ನುಗ್ಗೆ ಮರದ ಮೇಲೆ ಕೈ ಪಳಗಿಸಿಕೊಂಡಳು. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ, ಕಾಲಿಗೆ ಅವರದೇ ಬೂಟು. ಜಗಲಿಯ ಮೇಲೆ ಕೂತ ಗಂಡಸರು ನಕ್ಕಿದ್ದೇ ನಕ್ಕಿದ್ದು. ಆದರೆ ಗಾಳಿಗೆ ತೆಂಗಿನ ಮರ ಕರೆಂಟಿನ ತಂತಿಯ ಮೇಲೆ ಒರಗಿದರೆ, ರಸ್ತೆಗೆ ಅಡ್ಡ ಕೊಂಬೆ ಬಿದ್ದರೆ, ಅದೇ ಗಂಡಸರು ಅವಳ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವಳು ಬೂಟು ಹಾಕಿಕೊಂಡು ಹೊರಡುತ್ತಿದ್ದಳು.

ದಿನಾ ಕೆಲಸವಿರುವ ಮಿಷಿನ್ನಲ್ಲ ಅದು. ಒಮ್ಮೆ ಕುಯ್ದರೆ ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತಿತ್ತು. ಅದಕ್ಕೇ ಅವಳದೊಂದು ಕಟ್ಟುನಿಟ್ಟು ಇತ್ತು. ಕೆಲಸ ಬಂದ ದಿನವೇ ಪೆಟ್ರೋಲು ತಂದು, ಟು-ಟಿ ಆಯಿಲ್ ಬೆರೆಸಿ, ಎಷ್ಟು ಬೇಕೋ ಅಷ್ಟೇ ಹಾಕುತ್ತಿದ್ದಳು. ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಉಳಿದದ್ದನ್ನು ಬಗ್ಗಿಸಿ, ಮಿಷಿನ್ನು ಸ್ಟಾರ್ಟ್ ಮಾಡಿ, ಒಳಗಿನ ಕೊನೆಯ ಹನಿಯೂ ಉರಿದು ತಾನಾಗಿ ನಿಲ್ಲುವವರೆಗೆ ಬಿಡುತ್ತಿದ್ದಳು. ಆಮೇಲೆ ಒರೆಸಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ. ಬಗ್ಗಿಸಿದ್ದು ನಮ್ಮ ಯಜಮಾನರ ಬೈಕಿಗೆ ಹೋಗುತ್ತಿತ್ತು. ಇಷ್ಟೆಲ್ಲ ಯಾಕೆ ಅಕ್ಕ ಎಂದು ಒಮ್ಮೆ ಕೇಳಿದ್ದೆ.

"ಈಗಿನ್ ಪೆಟ್ರೋಲ್ಗೆ ಕಬ್ಬಿನ್ ಸಾರಾಯಿ ಬೆರ್ಸ್ತಾರೆ ಕಣಮ್ಮಿ. ಅದು ಕೂತಲ್ಲೇ ನೀರ್ ಕುಡಿತದೆ. ದಿನಾ ಓಡೋ ಗಾಡಿಗೆ ಏನೂ ಆಗಕ್ಕಿಲ್ಲ. ಇದ್ರಲ್ಲಿ ಬುಟ್ರೆ ಕುಡ್ಕನ್ ತರ ಬಿದ್ಕತದೆ, ಎಬ್ಬುಸುದ್ರೂ ಏಳಕ್ಕಿಲ್ಲ."

ನಮ್ಮದು ಕಬ್ಬಿನ ಸೀಮೆ. ನಾವೇ ಬೆಳೆದು ಲಾರಿಗೆ ತುಂಬಿ ಕಳಿಸಿದ್ದು ಸುತ್ತಿ ಬಳಸಿ ನಮ್ಮ ಟ್ಯಾಂಕಿಗೇ ಬಂದು ಕೂರುತ್ತದೆಯಲ್ಲ ಎಂದು ಆವತ್ತು ಬಿದ್ದು ಬಿದ್ದು ನಕ್ಕಿದ್ದೆ. ಈಗ ಆ ನಗು ನೆನೆದರೆ ಬಾಯೆಲ್ಲ ಕಹಿಯಾಗುತ್ತದೆ.

ಗ್ರಹಚಾರ ಶುರುವಾದದ್ದು ಆಯುಧಪೂಜೆಯ ದಿನ. ನಮ್ಮ ಕಡೆ ಮನೆಯಲ್ಲಿ ಏನನ್ನೂ ಬರಿದು ಮಾಡಿ ಇಡುವುದಿಲ್ಲ. ನೀರಿನ ಕೊಡ, ಅಕ್ಕಿ ಡಬ್ಬ, ದೀಪದ ಎಣ್ಣೆ, ಎಲ್ಲದರಲ್ಲೂ ಒಂದಿಷ್ಟು ಇರಲೇಬೇಕು. ನಮ್ಮ ಬೀದಿಯವರು ಪೂಜೆಗೆ ಗಾಡಿಗಳ ಟ್ಯಾಂಕು ತುಂಬಿಸಿಯೇ ಹಾರ ಹಾಕುತ್ತಾರೆ. ಅಕ್ಕ ಬರಿದಾದ ಮಿಷಿನ್ನಿಗೇ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಜಗಲಿಯ ಮೇಲಿಟ್ಟಿದ್ದಳು. ಅವಳ ಗಂಡನ ಅಣ್ಣ, ಬೀದಿಯ ಕೊನೆಯ ಮನೆಯವರು, ಬಂದು ಮಿಷಿನ್ನನ್ನು ಎತ್ತಿ ಅಲ್ಲಾಡಿಸಿದರು. ಒಳಗೆ ಏನೂ ಕುಲುಕಲಿಲ್ಲ.

"ಬರೀ ಒಟ್ಟೇಲಿ ಪೂಜೆ ಮಾಡಿದ್ದೀಯಲ್ಲಮ್ಮ, ಮನೆ ಉದ್ದಾರಾಯ್ತದಾ? ಇಂಗ್ ಮಾಡಿ ಮಾಡೇ ನನ್ ತಮ್ಮ ಓದ" ಅಂದರು.

ಬೀದಿಯವರೆಲ್ಲ ಕೇಳಿಸಿಕೊಂಡರು. ಕೆಲವರು ಹೌದೌದು ಎಂದು ತಲೆ ಆಡಿಸಿದರು. "ಊರಿಗ್ ಬೇಕಾದ್ ವಸ್ತು, ಗಂಡುಸ್ರ ತಾವ ಇರ್ಲಿ" ಎಂದು ಭಾವ ಅದನ್ನು ಹೆಗಲಿಗೇರಿಸಿಕೊಂಡು ಹೋದರು. ಪೆಟ್ರೋಲು ತರಿಸಿ, ಎಲ್ಲರೆದುರು ತುಳುಕುವಷ್ಟು ತುಂಬಿಸಿ, ಹಾರ ಹಾಕಿ, ತಮ್ಮ ಮನೆಯ ಕೋಣೆಯಲ್ಲಿಟ್ಟರು. ಯಾವ ಹೊತ್ತಿನಲ್ಲಿ ಕರೆದರೂ ರೆಡಿ ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಓಡಾಡಿದರು.

ಆವತ್ತು ಸಂಜೆ ಗೋಡೆಯ ಹತ್ತಿರ ಬಂದ ಅಕ್ಕನ ಕಣ್ಣು ಕೆಂಪಾಗಿತ್ತು. ಗಂಡನ ವಸ್ತು ಹೋಯಿತೆಂದು ಅಳುತ್ತಿದ್ದಾಳೆ ಅಂದುಕೊಂಡೆ. "ತಗಂಡೋದ್ರೆ ಓಗ್ಲಿ ಬುಡು. ತುಂಬ್ಸಿಟ್ಬುಟ್ರಲ್ಲಮ್ಮಿ…" ಅಂದಳು. ದೀಪಾವಳಿ ಕಳೆದ ಮೇಲೆ ಭಾವನ ಮನೆಗೆ ಹೋಗಿ, ಟ್ಯಾಂಕು ಬಗ್ಗಿಸಿ ಎಂದು ಹೇಳಿಯೂ ಬಂದಳು. ಬಾಗಿಲಲ್ಲೇ ಮಾತಾಡಿಸಿ ಕಳಿಸಿದರಂತೆ. ಸಂಕ್ರಾಂತಿ ಆದಮೇಲೆ ನಮ್ಮ ಯಜಮಾನರೂ ಹೇಳಿ ನೋಡಿದರು. "ತುಂಬಿರದ್ನ ಯಾರಾರ ಚೆಲ್ತಾರೇನ್ಲಾ? ಯಂಗುಸ್ರ ಮಾತ್ ಕಟ್ಕಂಡ್ ಬಂದವ್ನೆ" ಎಂದು ಬೈಸಿಕೊಂಡು ಬಂದರು. ಆ ಮಿಷಿನ್ನನ್ನು ಆಮೇಲೆ ಯಾರೂ ಹೊರಗೆ ತೆಗೆಯಲೇ ಇಲ್ಲ.

ಮುಂಗಾರಿಗೆ ಮೊದಲಿನ ಗಾಳಿಮಳೆ ಒಂದು ಮಧ್ಯಾಹ್ನ ಬಂತು. ಹಂಚು ಹಾರುವಂಥ ಗಾಳಿ. ಕೊಟ್ಟಿಗೆಯಲ್ಲಿದ್ದ ಹಸುವನ್ನು ಬಿಚ್ಚಲು ಅಕ್ಕ ಓಡಿದಳು. ಹಸುವೇನೋ ಹೊರಗೆ ಬಂತು. ಅವಳು ಬರುವಷ್ಟರಲ್ಲಿ ಹಿಂದಿದ್ದ ಹುಣಸೆಮರ ಬುಡ ಸಮೇತ ಕೊಟ್ಟಿಗೆಯ ಮೇಲೆ ಬಿತ್ತು.

ನಾವು ಓಡಿಹೋಗಿ ನೋಡಿದಾಗ ಸೊಂಟದಿಂದ ಕೆಳಗೆ ದಪ್ಪ ಕೊಂಬೆಯೊಂದು ಅವಳನ್ನು ಅದುಮಿತ್ತು. ಪ್ರಜ್ಞೆ ಇತ್ತು, ಮಾತಾಡುತ್ತಿದ್ದಳು. ಗಂಡಸರು ಕೊಡಲಿ ತಂದರು. ಆದರೆ ಒಂದೊಂದು ಏಟಿಗೂ ಕೊಂಬೆ ಅದುರಿ ಅವಳು ಚೀರುತ್ತಿದ್ದಳು. ಕೊಡಲಿ ಹಿಡಿದವನು ಅದನ್ನು ಕೆಳಗಿಟ್ಟುಬಿಟ್ಟ. ಜೆಸಿಬಿಗೆ ಫೋನು ಮಾಡಿದರೆ, ದಾರಿಯುದ್ದಕ್ಕೂ ಮರಗಳು ಬಿದ್ದಿವೆ, ತಡವಾಗುತ್ತದೆ ಎಂದರು. ಅಲುಗಾಡಿಸದೆ ಆ ಕೊಂಬೆಯನ್ನು ಕುಯ್ಯಬಲ್ಲದ್ದು ಊರಿನಲ್ಲಿ ಒಂದೇ ಇತ್ತು. ನಮ್ಮ ಯಜಮಾನರು ಕೂಗಿಕೊಂಡೇ ಓಡಿದರು. ಭಾವ ಮಿಷಿನ್ನು ಹೊತ್ತು ಬಂದರು. ಒಣಗಿದ ಹಾರ ಇನ್ನೂ ಅದರ ಮೇಲೇ ಇತ್ತು.

ದಾರ ಎಳೆದರು. ಎಂಜಿನ್ನು ಒಮ್ಮೆ ಕೆಮ್ಮಿತು, ಅಷ್ಟೇ. ಮತ್ತೆ ಎಳೆದರು, ಇನ್ನೊಬ್ಬರು ಎಳೆದರು, ಬೆವರು ಸುರಿಯುವವರೆಗೆ ಎಳೆದರು. ನಾನು ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಳೆಗೆ ಸೆರಗು ಅಡ್ಡ ಹಿಡಿದಿದ್ದೆ. ಎಂಜಿನ್ನು ಹತ್ತದ ಸದ್ದು ಅವಳಿಗೆ ಕೇಳಿಸುತ್ತಲೇ ಇತ್ತು.

"ಭಾವ… ಒಳ್ಗಿರದ್ನ ಚೆಲ್ಬುಡಿ… ಬೈಕಿಂದ್ ಆಕಿ…" ಅಂದಳು.

"ಫುಲ್ಲೈತೆ, ಸುಮ್ನಿರಮ್ಮ ನೀನು" ಎಂದು ಭಾವ ಮತ್ತೆ ದಾರ ಎಳೆದರು.

"ಅವ್ಳ್ ಯೋಳಿದ್ ಮಾಡ್ರಯ್ಯಾ, ನಿಮ್ ಕೈ ಸೇದೋಗ" ಎಂದು ಕಿರುಚಿದೆ. ಕೊನೆಗೆ ನಮ್ಮ ಯಜಮಾನರೇ ಮಿಷಿನ್ನು ಕಿತ್ತುಕೊಂಡು ಬಗ್ಗಿಸಿದರು. ಆಗ ಬಂದದ್ದೇ ಈ ವಾಸನೆ. ಬೈಕಿನ ಪೆಟ್ರೋಲಿಗೆ ಯಾರದೋ ಮನೆಯಿಂದ ಆಯಿಲ್ ತಂದು ಬೆರೆಸಿ ಹಾಕಿದರು. ಅಷ್ಟು ತಿಂಗಳು ಕೂತದ್ದು ಒಳಗೆಲ್ಲ ಅಂಟಿನ ಹಾಗೆ ಹಿಡಿದುಬಿಟ್ಟಿತ್ತು. ಹೊಸ ಪೆಟ್ರೋಲು ಇಳಿಯಬೇಕಲ್ಲ? ಇಳಿಯಲಿಲ್ಲ. ವಿಧಿಯಿಲ್ಲದೆ ಮತ್ತೆ ಕೊಡಲಿ ಹಿಡಿದರು. ಮೊದಮೊದಲು ಚೀರಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಆ ಹಿಡಿತ ಸಡಿಲವಾಯಿತು… ಕೊಂಬೆ ಸರಿಸಿ ಎತ್ತುವಾಗ ಅವಳು ಇರಲಿಲ್ಲ.

ಮಾರನೆಯ ದಿನ ಪೋಸ್ಟ್‌ಮಾರ್ಟಮ್ಮಿಗೆ ಅವಳನ್ನು ಮಳವಳ್ಳಿಗೆ ಒಯ್ದರು. ಅದೇ ಟೆಂಪೋದಲ್ಲಿ ಮಿಷಿನ್ನೂ ಹೋಯಿತು. ಅವರ ಮನೆಯಲ್ಲಿ ಸುಡುವ ಪದ್ಧತಿ. ಸೌದೆ ಕುಯ್ಯಬೇಕಿತ್ತಲ್ಲ, ಅದಕ್ಕೆ. ಆಸ್ಪತ್ರೆಯಲ್ಲಿ ಅವಳ ಕೆಲಸ ಮುಗಿಯುವಷ್ಟರಲ್ಲಿ ಮೆಕ್ಯಾನಿಕ್ಕು ಕಾರ್ಬೊರೇಟರು ಬಿಚ್ಚಿ, ತೊಳೆದು, ಹೊಸ ಪೆಟ್ರೋಲು ಹಾಕಿ ಕೊಟ್ಟ. ಅವಳೂ ಮಿಷಿನ್ನೂ ಇಬ್ಬರೂ ಒಟ್ಟಿಗೇ ವಾಪಸು ಬಂದರು. ನಾವು ಹೆಂಗಸರು ಹೆಣದ ಸುತ್ತ ಕೂತಿದ್ದಾಗ ಭಾವನ ಹಿತ್ತಲಿನಿಂದ ಸದ್ದು ಕೇಳಿಸಿತು. ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಗುಯ್ಯೆಂದು, ನಿಲ್ಲದೆ, ಎಷ್ಟು ಚೆನ್ನಾಗಿ ಓಡಿತೆಂದರೆ, ನಾನು ಎರಡೂ ಕಿವಿ ಮುಚ್ಚಿಕೊಂಡೆ. ಅವಳನ್ನು ಉಳಿಸಲು ಹತ್ತದ್ದು ಅವಳನ್ನು ಸುಡಲು ಹತ್ತಿತು. ದಿಮ್ಮಿಗಳನ್ನು ಒಂದೇ ಸಮ ಸೀಳಿ ಹಾಕಿದರಂತೆ.

ಇದೆಲ್ಲ ಆಗಿ ಮೂರು ನಾಲ್ಕು ವರ್ಷವಾಯಿತು. ಹುಣಸೆಮರ ಇದ್ದ ಕಡೆ ಈಗ ಭಾವನವರು ಟ್ರ್ಯಾಕ್ಟರು ನಿಲ್ಲಿಸುತ್ತಾರೆ. ಊರಿನಲ್ಲಿ ಅಕ್ಕನ ಮಾತು ಬಂದರೆ ಅವಳ ಹಣೆಬರಹ ಅನ್ನುತ್ತಾರೆ, ಪಾಪ ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಹಣೆಬರಹವಲ್ಲ ಕಣ್ರಪ್ಪಾ, ಹಳೇ ಪೆಟ್ರೋಲು ಅನ್ನುತ್ತೇನೆ. ಮದುವೆಮನೆಯಲ್ಲಿ ಅಂದಿದ್ದೇನೆ, ಭಾವನ ಎದುರಿಗೇ ಅಂದಿದ್ದೇನೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡು ಜನ ಎದ್ದು ಹೋಗುತ್ತಾರೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಇವತ್ತು ಶೆಡ್ಡಿನವನಿಗೂ ಎಲ್ಲ ಬಿಡಿಸಿ ಹೇಳಿದೆ. ಅಕ್ಕ ಇದ್ದಿದ್ದರೆ ನಾನು ಇಷ್ಟು ಬಡಿದುಕೊಳ್ಳಬೇಕಿರಲಿಲ್ಲ. ಒಂದೇ ಮಾತಿನಲ್ಲಿ ನಗಿಸಿ ಹೇಳುತ್ತಿದ್ದಳು. ನನಗೆ ನಗಿಸಲು ಬರುವುದಿಲ್ಲ.