ಜೋರಮ್ಮನ ಮೆತ್ತನೆಯ ದನಿ

ಬೀದಿಯವರೆಲ್ಲ ಅವಳನ್ನು ಕರೆಯುವುದು ಜೋರಮ್ಮ ಎಂದು. ಕನ್ನಡಕದಂಗಡಿ ಇಟ್ಟಿದ್ದ ಅವಳ ಗಂಡನಿಗೆ ಅದೇ ಬೀದಿ ಕೊಟ್ಟ ಹೆಸರು ಸಾಧಣ್ಣ. ಅಂಗಡಿಯ ಹಿಂದಿನ ಮನೆಯಿಂದ ಅವಳು "ಊಟಕ್ಕೆ ಬನ್ರೀ!" ಎಂದು ಗಂಟಲು ಹರಿದುಕೊಂಡರೂ ಅವನು ತಲೆ ಎತ್ತದೆ ಗಾಜು ಒರೆಸುತ್ತಿದ್ದ. "ಎಂಥ ತಾಳ್ಮೆ ನೋಡಿ, ತಿರುಗಿ ಒಂದು ಮಾತಾಡಲ್ಲ," ಎಂದು ಗಿರಾಕಿಗಳು ತಲೆದೂಗುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರವಂತೆ. ಬಂಗಾರವೆಲ್ಲ ಗಂಡನ ಪಾಲಾಯಿತು. ಇವಳಿಗೆ ಬೆಳ್ಳಿಯೂ ಗಿಟ್ಟಲಿಲ್ಲ.

ತಾಳ್ಮೆಯೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎದುರಿಗೆ ನಿಂತವರ ತುಟಿ ನೋಡಿ ವ್ಯಾಪಾರ ಸಾಗಿಸುತ್ತಿದ್ದ. ಗುಟ್ಟು ಗೊತ್ತಿದ್ದವಳು ಹೆಂಡತಿಯೊಬ್ಬಳೇ, ಅವಳಿಂದಲೂ ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡಿದ್ದ. ಕಿವಿಗೊಂದು ಮಷೀನು ಹಾಕಿಕೊಳ್ಳಿ ಎಂದು ಅವಳು ಬೇಡಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

"ನೋಡಿದೋರು ಕಿವುಡ ಅನ್ನಲ್ವಾ?"

"ಕನ್ನಡಕ ಹಾಕ್ಕೊಂಡೋರನ್ನ ಕುರುಡ ಅಂತಾರೇನ್ರೀ?"

"ಕನ್ನಡಕ ಹಾಕಿದ್ರೆ ಓದಿದೋರ ಥರ ಕಾಣ್ತಾರೆ ಕಣೇ. ಅದೇ ಬೇರೆ, ಇದೇ ಬೇರೆ."

ಒಂದೇ ತಲೆ, ಕಣ್ಣಿಗೆ ಮರ್ಯಾದೆ, ಕಿವಿಗೆ ಅವಮಾನ. ಇದ್ಯಾವ ನ್ಯಾಯವೋ! ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಬೀದಿ ತುದಿಯ ಶಿಶುವಿಹಾರಕ್ಕೆ ಮಕ್ಕಳನ್ನು ನೋಡಿಕೊಳ್ಳುವವರು ಬೇಕಾಗಿದ್ದರು. ಸ್ವಂತ ಮಕ್ಕಳಿಲ್ಲದ, ಮಕ್ಕಳೆಂದರೆ ಪ್ರಾಣ ಬಿಡುವ ಅವಳಿಗೆ ಆ ಕೆಲಸ ಬೇಕೇ ಬೇಕಿತ್ತು. ಹೋಗಿ ಕೇಳಿಯೂ ಬಂದಳು. ಅದನ್ನು ನಡೆಸುವ ಟೀಚರು ಬೀದಿಯಲ್ಲಿ ವಿಚಾರಿಸಿದಾಗ ತರಕಾರಿಯವಳು ಹಿಂದೆಮುಂದೆ ನೋಡದೆ ಅಂದುಬಿಟ್ಟಳು: "ಜೋರಮ್ಮನಾ? ಮಕ್ಕಳು ಚಡ್ಡೀಲೇ ಉಚ್ಚೆ ಮಾಡ್ಕೊಳ್ತವೆ!"

ಆ ಮಾತು ಕಿವಿಗೆ ಬಿದ್ದ ದಿನ ಅವಳ ತಾಳ್ಮೆಯ ಕಟ್ಟೆ ಒಡೆಯಿತು. ಬಾಯಿ ಬಿಡುವುದಿಲ್ಲವೆಂದು ತಾನೇ ತಾನು ಮಾತು ಕೊಟ್ಟದ್ದು? ಬಾಯಿ ಬಿಡುವುದೇ ಬೇಡ, ದನಿ ಇಳಿಸಿದರೆ ಸಾಕು.

ಮಾರನೆಯ ದಿನ ಟೀಚರು ಸಡಿಲಾದ ಕನ್ನಡಕ ಬಿಗಿ ಮಾಡಿಸಲು ಬಂದರು. ಅಂಗಡಿಯಲ್ಲಿ ಇನ್ನೂ ಕೆಲವರಿದ್ದರು. ಅವಳು ಗಂಡನ ಬೆನ್ನ ಹಿಂದೆ ನಿಂತು, ತನ್ನ ನಿಜವಾದ ದನಿಯಲ್ಲಿ, ಮಗುವನ್ನು ಮಲಗಿಸುವಷ್ಟು ಮೆತ್ತಗೆ, "ಊಟಕ್ಕೆ ಬರ್ತೀರಾ?" ಎಂದಳು. ಅವನು ಅಲುಗಲಿಲ್ಲ. ಮತ್ತೆ ಕೇಳಿದಳು. ಅವನು ಸ್ಕ್ರೂ ತಿರುಗಿಸುತ್ತಲೇ ಇದ್ದ.

"ಇವರಿಗೆ ಕಿವಿ ಕೇಳಿಸಲ್ವಾ?" ಎಂದರು ಟೀಚರು.

ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಣ್ಣು ತುಂಬಿ ಬಂತು. ಅಬ್ಬಾ, ಕೊನೆಗೂ ತಿಳಿಯಿತಲ್ಲ! ಅವತ್ತು ನೆಮ್ಮದಿಯಾಗಿ ಎರಡು ತುತ್ತು ಹೆಚ್ಚೇ ಉಂಡಳು.

ಸಂಜೆಯೊಳಗೆ ಸುದ್ದಿ ಬೀದಿಯೆಲ್ಲ ಹಬ್ಬಿತು. ತರಕಾರಿಯವಳು ಗಲ್ಲಕ್ಕೆ ಕೈಯಿಟ್ಟು ಲೊಚಗುಟ್ಟಿದಳು: "ಪಾಪ, ಸಾಧಣ್ಣ! ಕೂಗಿ ಕೂಗಿ ಆ ಮನುಷ್ಯನ ಕಿವೀನೇ ಹಾಳು ಮಾಡಿಬಿಟ್ಟಳಲ್ಲ, ಪಾಪಿ!"

ಮರುದಿನ ಬೆಳಿಗ್ಗೆ ಶಿಶುವಿಹಾರಕ್ಕೆ ಹೋದವಳನ್ನು ಟೀಚರು ಬಾಗಿಲಲ್ಲೇ ನಿಲ್ಲಿಸಿದರು. "ಬೇಜಾರು ಮಾಡ್ಕೋಬೇಡಿ ಅಮ್ಮಾ. ಇವೆಲ್ಲ ಎಳೇ ಮಕ್ಕಳು ನೋಡಿ."

ಅವಳು ಏನೋ ಹೇಳಲು ಬಾಯಿ ತೆರೆದಳು. ಟೀಚರು ಥಟ್ಟನೆ, ಮಗ್ಗುಲಲ್ಲಿ ನಿಂತಿದ್ದ ಮಗುವಿನ ಎರಡೂ ಕಿವಿ ಮುಚ್ಚಿದರು.