ಅತ್ತೆಯ ಪೂಜೆ, ನನ್ನ ಕೈಗಡಿಯಾರ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಗುಂಡ್ಲುಪೇಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಮನೆಯಲ್ಲಿ ಅತ್ತೆ ದಿನಾ ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಅರ್ಧ ಗಂಟೆ ಅದನ್ನೇ ನೋಡುತ್ತ ಕೂರುತ್ತಿದ್ದರು. ಎದ್ದಾಗ ಅವರ ಮುಖದಲ್ಲಿ ಬೇರೆಯದೇ ಕಳೆ. ಆಗ ಏನಾಗುತ್ತದೆ ಎಂದು ಒಮ್ಮೆ ಕೇಳಿದೆ.

"ಮೈಯೇ ಇಲ್ದಂಗ ಆಯ್ತದ ಕಣಮ್ಮಿ. ಎದೆ ಬಡ್ಕೊಳದೂ ನಿಂತೋಯ್ತದ."

ಎದೆಬಡಿತ ನಿಂತರೆ ಏನಾಗುತ್ತದೆಂದು ದಿನವೂ ಕಾಣುವವಳು ನಾನು. ಪೂಜೆಯ ಹೊತ್ತಿನಲ್ಲಿ ನಾಡಿ ಹಿಡಿದು ನೋಡಲೇ ಎಂದೆ. ಬೈಯುತ್ತಾರೆಂದುಕೊಂಡಿದ್ದೆ.

"ಮಿಂದ್ಬುಟ್ಟು ಬಾ. ಮಾತ್ ಮಾತ್ರ ಆಡ್ಬ್ಯಾಡ," ಎಂದರು.

ಮದುವೆಯಾಗಿ ಆರು ವರ್ಷವಾಗಿತ್ತು. ನಾನು ಅವರ ಕೈ ಹಿಡಿದು ಕೂತದ್ದು ಅದೇ ಮೊದಲು. ಬಲ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಕಣ್ಣನ್ನು ಗಡಿಯಾರದ ಮೇಲಿಟ್ಟು ಎಣಿಸಿದೆ. ಹೀಗೆ ಒಂದು ವಾರ ಬರೆದುಕೊಂಡೆ.

ಉಸಿರು ದಿನವೂ ನಿಧಾನವಾಗುತ್ತಿತ್ತು. ನಾಡಿ ಮಾತ್ರ ಹಾಗಲ್ಲ. "ಇವತ್ತು ನಾನೇ ಇರ್ನಿಲ್ಲ" ಎಂದು ಅತ್ತೆ ಕಣ್ಣೊರೆಸಿಕೊಂಡ ದಿನ ಅದು ಎಂದಿಗಿಂತ ಜೋರಾಗಿ ಹೊಡೆದಿತ್ತು. ಚಂದಕವಾಡಿಯಲ್ಲಿದ್ದ ಬಸುರಿ ಮಗಳದೇ ಯೋಚನೆಯಾಗಿ ಪೂಜೆ ಕೆಟ್ಟಿತು ಎಂದು ಅವರು ನೊಂದುಕೊಂಡ ದಿನವೇ ತೀರ ಶಾಂತವಾಗಿತ್ತು.

ಬರೆದದ್ದನ್ನು ಓದಿ ಹೇಳಿದೆ. ಅತ್ತೆ ಎದ್ದು ಹೋದರು. ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಪೂಜೆಗೆ ಕೂತರು. ಅವರ ಒಂದು ಸುಖವನ್ನು ಕಿತ್ತುಕೊಂಡೆನಲ್ಲ ಎಂದು ನನಗೆ ಊಟ ರುಚಿಸಲಿಲ್ಲ. ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ.

"ಅವರು ಸುಳ್ಳು ಹೇಳಿಲ್ಲಮ್ಮ. ಸಂತೋಷವಾದ್ರೂ ನಾಡಿ ಏರುತ್ತೆ. ಮನಸ್ಸು ಎಲ್ಲಿತ್ತು ಅಂತ ನಾಡಿಯೊಂದರಿಂದ ಹೇಳೋಕಾಗಲ್ಲ," ಎಂದರು.

ಇದನ್ನು ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಮೂರನೆಯ ಬೆಳಿಗ್ಗೆ ಅತ್ತೆಯೇ ಕರೆದರು.

"ನಿಂತೋಯ್ತದ ಅಂದಿದ್ದು ನಂದೇ ತೆಪ್ಪು ಕಣಮ್ಮಿ. ಅದು ಬಡ್ಕೊತ್ಲೇ ಇರ್ತದ, ನಂಗ ಗೊತ್ತಾಗಲ್ಲ ಅಷ್ಟೆಯ. ಬಾ, ಕೂತ್ಕೊ."

ಕೈ ಚಾಚಿದರು. ನಾನು ಹಿಡಿದೆ. ಕೆಲವು ವಾರ ಕಳೆದ ಮೇಲೆ ಬರೆಯುವುದನ್ನು ಬಿಟ್ಟೆ. ಪಕ್ಕದಲ್ಲಿ ಕೂರುವುದನ್ನು, ಚಾಮರಾಜನಗರಕ್ಕೆ ವರ್ಗವಾಗುವವರೆಗೂ ಬಿಡಲಿಲ್ಲ.

ಹೊರಡುವ ಮುಂಚೆ ಕುದೇರಿನಿಂದ ಅತ್ತೆಯ ತಂಗಿ ಬಂದಿದ್ದರು. ಜಗಲಿಯಲ್ಲಿ ಅತ್ತೆ ಅವರಿಗೆ ಹೆಮ್ಮೆಯಿಂದ ಹೇಳುತ್ತಿದ್ದರು: "ನಮ್ ಸೊಸ ಎಣ್ಸಿ ನೋಡವ್ಳ ಕಣ. ಪೂಜಕ್ಕ ಕೂತಾಗ ನನ್ನೆದ ಕುದುರ ಓಡ್ದಂಗ ಓಡ್ತದಂತ!"